ಗಡಿಕಲ್ಲನ್ನು ಮೊದಲು ಇಳಿಸುವವರು ಯಾರು?

ನಡುವಿನ ಕುರ್ಚಿಯಲ್ಲಿ ಕುಳಿತು ಸಭೆಗೆ ತೂಕ ತಂದಿರುವ ಗಣಿ ಇಲಾಖೆಯ ನಿರ್ದೇಶಕರೇ, ಇಂದು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಇನ್ಸ್‌ಪೆಕ್ಟರ್ ಸಾಹೇಬರೇ, ಅವರ ಜಾಗಕ್ಕೆ ಬಂದು ಈಗಾಗಲೇ ನಮ್ಮನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸುತ್ತಿರುವ ಹೊಸ ಇನ್ಸ್‌ಪೆಕ್ಟರರೇ, ಕಲ್ಲುಗಣಿ ಮಾಲೀಕರ ಸಂಘದ ಪದಾಧಿಕಾರಿಗಳೇ, ಟಿಪ್ಪರ್ ಚಾಲಕರೇ, ಕೆಲಸಗಾರ ಬಂಧುಗಳೇ, ಮೂರನೆಯ ಸಾಲಿನಲ್ಲಿರುವ ನಮ್ಮ ಅಕ್ಕನವರೇ, ಅವರ ಪಕ್ಕದಲ್ಲಿ ಕುಳಿತು ಚಾವಣಿಯ ಫ್ಯಾನನ್ನೇ ನೋಡುತ್ತಿರುವ ನಮ್ಮ ಭಾವನವರೇ, ಮತ್ತು ಸಭಿಕರೇ,

ಒಬ್ಬ ಸರ್ಕಾರಿ ಅಧಿಕಾರಿಯ ಬೀಳ್ಕೊಡುಗೆಗೆ ಇಷ್ಟು ಜನ ಸೇರಿದ್ದನ್ನು ನಾನು ನೋಡಿಲ್ಲ. ಪ್ರೀತಿಯಿಂದ ಬಂದವರೆಷ್ಟು, ಸಾಹೇಬರು ನಿಜವಾಗಿಯೂ ಹೋಗುತ್ತಾರಾ ಎಂದು ಖಾತ್ರಿ ಮಾಡಿಕೊಳ್ಳಲು ಬಂದವರೆಷ್ಟು ಎಂದು ನಾನು ವಿಂಗಡಿಸುವುದಿಲ್ಲ. ಕುರ್ಚಿಗಳು ತುಂಬಿವೆ, ಅಷ್ಟು ಸಾಕು.

ಸಾಹೇಬರ ಗುಣವೇನು? ಅವರು ಬರುವುದು ಗೊತ್ತಾಗುವುದಿಲ್ಲ. ಹಿಂದಿನವರೆಲ್ಲ ಜೀಪಿನಲ್ಲಿ ಬರುತ್ತಿದ್ದರು. ಜೀಪು ತಿರುವಿನಲ್ಲಿ ಕಂಡ ಕೂಡಲೇ ಲಾರಿ ತೂಗುವ ವೇಬ್ರಿಡ್ಜಿನ ಗುಮಾಸ್ತ ಫೋನು ಮಾಡಿ, “ಮೋಡ ಬಂತು” ಎನ್ನುತ್ತಿದ್ದ. ಮೋಡ ಗೇಟಿಗೆ ಬರುವಷ್ಟರಲ್ಲಿ ಎಲ್ಲರ ತಲೆಯ ಮೇಲೂ ಹೆಲ್ಮೆಟ್. ಈ ಸಾಹೇಬರು ಮಾಡಿದ್ದೇನು? ಖಾಲಿ ವಾಪಸು ಬರುತ್ತಿದ್ದ ನನ್ನದೇ ಟಿಪ್ಪರಿಗೆ ಕೈ ತೋರಿಸಿ, ಡ್ರೈವರನ ಪಕ್ಕದಲ್ಲಿ ಕುಳಿತು ನನ್ನ ಕಲ್ಲುಗಣಿಯೊಳಗೆ ಬಂದರು. ನಾನು ಗಡಿಬಿಡಿಯಲ್ಲಿ ಆಫೀಸಿನಿಂದ ಹೆಲ್ಮೆಟ್ ಹಂಚಿಸಿದೆ.

“ಇದು ಇನ್ನೂ ಪ್ಲಾಸ್ಟಿಕ್ ಕವರಲ್ಲೇ ಇದೆಯಲ್ಲ ಸ್ವಾಮಿ, ತಲೆಗೋ ಪ್ರದರ್ಶನಕ್ಕೋ?” ಎಂದರು.

“ಹೊಸದು ಸರ್, ಗೀರು ಬೀಳಬಾರದು ಅಂತ” ಎಂದೆ.

“ತಲೆಗೆ ಬಿದ್ರೆ ಪರವಾಗಿಲ್ವಾ?” ಎಂದರು. ಅಂದಿನಿಂದ ನಮ್ಮಿಬ್ಬರ ಪರಿಚಯ.

ನಿರ್ದೇಶಕರಿಗೆ ನನ್ನ ಪರಿಚಯವಿಲ್ಲ. ನಾನು ಓದಿ ಮೇಲೆ ಬಂದವನಲ್ಲ. ಹೆದ್ದಾರಿಯ ಪಕ್ಕದಲ್ಲಿ ಟಯರು ಪಂಕ್ಚರು ಹಾಕುತ್ತಿದ್ದವನು. ಜೊತೆಗೆ ಇನ್ನೊಬ್ಬರಿದ್ದರು. ನಾನು ಟಯರು ಬಿಚ್ಚಿದರೆ ಅವರು ಗಾಳಿ ತುಂಬುತ್ತಿದ್ದರು. ಗಾಳಿ ತುಂಬುವುದು ಅವರಿಗೆ ಈಗಲೂ ಚೆನ್ನಾಗಿ ಬರುತ್ತದೆ. ಅವರಿಗೇ ನಮ್ಮ ಅಕ್ಕನನ್ನು ಕೊಟ್ಟೆವು. ಇಬ್ಬರೂ ಸೇರಿ ಒಂದು ಹಳೆಯ ಟಿಪ್ಪರು ಕೊಂಡೆವು. ಆಮೇಲೆ ಸರ್ಕಾರದಿಂದ ಗುತ್ತಿಗೆ ಹಿಡಿಯುವಾಗ ಬೇಕೆಂದೇ ಅಕ್ಕಪಕ್ಕದ ಎರಡು ಗಣಿ ಹಿಡಿದೆವು. ಯಾಕೆ ಗೊತ್ತೇ? ಸಂಜೆ ಚಹಾ ಒಟ್ಟಿಗೆ ಕುಡಿಯಬಹುದು ಎಂದು. ವ್ಯವಹಾರದಲ್ಲಿ ಹೀಗೂ ಲೆಕ್ಕ ಹಾಕುತ್ತಾರೆಯೇ ಎಂದು ನೀವು ಕೇಳಬಹುದು. ಆಗ ಹಾಕುತ್ತಿದ್ದೆವು.

ಎರಡು ಗಣಿಗಳ ನಡುವೆ ಸರ್ಕಾರದವರು ಒಂದು ಗಡಿಕಲ್ಲು ನೆಟ್ಟರು. ಕಲ್ಲಿನ ಎರಡೂ ಕಡೆ ಇಷ್ಟಿಷ್ಟು ಅಗಲ ಅಗೆಯದೆ ಬಿಡಬೇಕು ಎಂದು ಕಾನೂನು. ನಾನು ಏನೆಂದುಕೊಂಡೆ? ಭಾವ ಹೇಗಿದ್ದರೂ ಅವರ ಪಾಲು ಬಿಡುತ್ತಾರೆ, ಗೋಡೆಗೆ ಅಷ್ಟು ಸಾಕು. ಭಾವ ಏನೆಂದುಕೊಂಡರು? ಬಾಮೈದ ಹೇಗಿದ್ದರೂ ಬಿಡುತ್ತಾನೆ, ಅಷ್ಟು ಸಾಕು. ಒಬ್ಬರ ಮೇಲೊಬ್ಬರಿಗೆ ಅಷ್ಟು ನಂಬಿಕೆ. ಆ ನಂಬಿಕೆಯಲ್ಲಿ ಇಬ್ಬರೂ ಅಗೆದೆವು, ಇಬ್ಬರೂ ಕಲ್ಲಿನ ಬುಡಕ್ಕೇ ಬಂದೆವು.

ನಡುವೆ ಜಗಳವೂ ಹುಟ್ಟಿತು. ಕಲ್ಲು ತಮ್ಮ ಕಡೆಗೆ ಸರಿದಿದೆ ಎಂದು ಅವರು, ನನ್ನ ಕಡೆಗೆ ಸರಿದಿದೆ ಎಂದು ನಾನು. ಇಬ್ಬರು ಸರ್ವೆಯರು ಬಂದು ಎರಡು ಬಗೆಯಾಗಿ ಅಳೆದುಕೊಟ್ಟರು. ಇಬ್ಬರು ವಕೀಲರು ಬಂದರು. ವಕೀಲರಿಬ್ಬರೂ ಈಗ ಒಟ್ಟಿಗೆ ಚಹಾ ಕುಡಿಯುತ್ತಾರೆ, ನಾವು ನಿಲ್ಲಿಸಿದೆವು. ಮಾತೂ ನಿಂತಿತು. ಅಕ್ಕ ಮಾತ್ರ ಫೋನು ಮಾಡಿ, “ಇವರು ಕೇಳು ಅಂದ್ರು ಅಂತಲ್ಲ, ನಾನಾಗೇ ಕೇಳ್ತಿದೀನಿ, ನಿನ್ನ ಮಂಡಿನೋವು ಹೇಗಿದೆಯೋ?” ಎನ್ನುತ್ತಾಳೆ. ನನಗೆ ಮಂಡಿನೋವಿದೆ ಎಂದು ಅವಳಿಗೆ ಹೇಳಿದವರು ಯಾರು? ನಾನಂತೂ ಹೇಳಿಲ್ಲ. ನಾನು ಕುಂಟುವುದು ಕಾಣುವುದು ಪಕ್ಕದ ಗಣಿಯಿಂದ ಮಾತ್ರ.

ಇರಲಿ, ವಿಷಯಕ್ಕೆ ಬರುತ್ತೇನೆ. ಈಗ ಎರಡು ಗಣಿಗಳ ನಡುವೆ ಉಳಿದಿರುವುದು ತೆಂಗಿನ ಮರದೆತ್ತರದ ಒಂದು ಬಂಡೆಗೋಡೆ. ಮೇಲೆ, ತುತ್ತತುದಿಯಲ್ಲಿ, ಆ ಗಡಿಕಲ್ಲು. ಕೆಳಗೆ ಎಲ್ಲವನ್ನೂ ಅಗೆದವರು ಅದನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದವನೇ ಸರಿಸಿದವನು ಎಂದಾಗುತ್ತದಲ್ಲ!

ಒಂದು ಮಧ್ಯಾಹ್ನ ಸಾಹೇಬರು ಬಂದು ಗೋಡೆಯನ್ನು ನೋಡಿ, “ನೀವು ಇಲ್ಲೇ ಇರಿ, ಅದರ ಹತ್ತಿರ ಹೋಗಬೇಡಿ” ಎಂದು ನನಗೆ ಹೇಳಿ, ಸುತ್ತುಹಾದಿಯಲ್ಲಿ ಆಚೆ ಗಣಿಗೆ ಹೋದರು. ಬಿಸಿಲೋ ಬಿಸಿಲು. ಇಡೀ ಗಣಿಯಲ್ಲಿ ನೆರಳಿರುವುದು ಆ ಗೋಡೆಯ ಬುಡದಲ್ಲಿ ಮಾತ್ರ. ನಮ್ಮ ಕೆಲಸಗಾರರು ಊಟಕ್ಕೆ ಕೂರುವುದೂ ಅಲ್ಲೇ. ನಾನೂ ಹೋಗಿ ಒರಗಿ ನಿಂತೆ.

ಸಭಿಕರೇ, ಬಂಡೆ ಮಾತಾಡಿದ್ದನ್ನು ಕೇಳಿದ್ದೀರಾ? ನಾನು ಕೇಳಿದೆ. ಬಂಡೆಯೊಳಗಿಂದ ನಮ್ಮ ಭಾವನ ದನಿ ಬಂತು, ಪಕ್ಕದ ಕೋಣೆಯಿಂದ ಬಂದಂತೆ.

“ಸರ್, ಆ ಕಡೆ ನಮ್ಮ ಬಾಮೈದ ಇದ್ದಾನಾ? ಮೊದಲು ಅವನಿಗೆ ದೂರ ಹೋಗೋಕೆ ಹೇಳಿ. ಬೇಡ ಅಂದ ಕಡೆಗೇ ಹೋಗಿ ನಿಲ್ಲೋನು ಅವನು. ಈ ಗಣಿ ಬೇಕಾದ್ರೆ ಮುಚ್ಚಿ, ಅವನನ್ನ ಮೊದಲು ಅಲ್ಲಿಂದ ಎಬ್ಬಿಸಿ.”

ನಾನು ಸರಿದುನಿಂತೆ. ಅವರು ಹೇಳಿದ್ದಕ್ಕಲ್ಲ, ನೆರಳಿನಲ್ಲಿ ಸ್ವಲ್ಪ ಚಳಿಯೆನಿಸಿತು.

ಆಮೇಲೆ ನೋಡಿದರೆ, ಮೇಲಿಂದ ಕೆಳಗಿನವರೆಗೆ ಬಿರುಕು. ದನಿ ತೂರಿ ಬರುವಷ್ಟು ಬಿರುಕು. ಅಂದೇ ಎರಡೂ ಗಣಿಗಳಿಗೆ ಸೀಲು ಬಿತ್ತು. ಸಾಹೇಬರ ಆದೇಶ ಸರಳ. ಇಬ್ಬರೂ ಮಾಲೀಕರು ಒಂದೇ ಕಾಗದಕ್ಕೆ ಸಹಿ ಮಾಡಬೇಕು, ಗಡಿಕಲ್ಲನ್ನು ಮೊದಲು ಕೆಳಗಿಳಿಸಬೇಕು, ಗೋಡೆಯನ್ನು ಮೇಲಿನಿಂದ ಹಂತಹಂತವಾಗಿ ಕಡಿಯಬೇಕು, ಆಮೇಲೆ ಕೆಲಸ. ಆದರೆ ಕಲ್ಲು ಇಳಿಸುವವರು ಯಾರು? ಮತ್ತೆ ನೆಡುವಾಗ ಅದು ಎಲ್ಲಿ ನಿಲ್ಲುತ್ತದೆ? ನೀವು ಮೊದಲು ಎಂದು ನಾನು, ನೀನು ಮೊದಲು ಎಂದು ಅವರು, ಅದೂ ವಕೀಲರ ಮೂಲಕ. ಅಲ್ಲಿಂದ ಇಲ್ಲಿಯವರೆಗೆ ಎರಡು ಗಣಿಗಳ ಕೆಲಸಗಾರರು ಕೈಕಟ್ಟಿ ಕುಳಿತಿದ್ದಾರೆ. ಹಿಂದಿನ ಸಾಲುಗಳಲ್ಲಿ ಅವರು ಕಾಣುತ್ತಿದ್ದಾರೆ, ನಾನು ಆ ಕಡೆ ಹೆಚ್ಚು ನೋಡುತ್ತಿಲ್ಲ.

ಈಗ ಸಂಘದವರು ಒಂದು ದಾರಿ ಹುಡುಕಿದ್ದಾರೆ. ಸಾಹೇಬರು ಹೇಗೂ ಹೋಗುತ್ತಿದ್ದಾರೆ, ಗೋಡೆ ಇದ್ದ ಹಾಗೇ ಇರಲಿ, ಸೀಲು ಮಾತ್ರ ತೆಗೆಸಿಕೊಡಿ ಎಂದು ನಿರ್ದೇಶಕರಿಗೆ ಮನವಿ. ಅದನ್ನು ನನ್ನ ಕೈಯಿಂದಲೇ ಕೊಡಿಸಬೇಕೆಂದು ನನಗೆ ಈ ಮೈಕು ಕೊಟ್ಟಿದ್ದಾರೆ. ಮನವಿ ಜೇಬಿನಲ್ಲಿದೆ. ನಿರ್ದೇಶಕರು ಕನ್ನಡಕವನ್ನೂ ಹಾಕಿಕೊಂಡಿದ್ದಾರೆ.

ಕ್ಷಮಿಸಿ ಸರ್, ಕನ್ನಡಕ ತೆಗೆಯಿರಿ. ಇದನ್ನು ನಾನು ಕೊಡುವುದಿಲ್ಲ. ಕಾರ್ಯದರ್ಶಿಗಳೇ, ಕೆಮ್ಮಿ ಪ್ರಯೋಜನವಿಲ್ಲ, ನೀರು ಕುಡಿಯಿರಿ.

ಸೀಲು ತೆಗೆದರೆ ನಾಳೆ ಮಧ್ಯಾಹ್ನ ಈ ಕೆಲಸಗಾರರೆಲ್ಲ ಬುತ್ತಿ ಹಿಡಿದು ಎಲ್ಲಿ ಕೂರುತ್ತಾರೆ? ನೆರಳಿರುವ ಕಡೆ. ನೆರಳೆಲ್ಲಿದೆ? ಅದು ನಿಮಗೆ ಗೊತ್ತಾಯಿತಲ್ಲ. ಇದರಲ್ಲಿ ಕೂಡಿ ಕಳೆಯುವುದೇನಿದೆ?

ಸಾಹೇಬರೇ, ಸಂಜೆಯವರೆಗೆ ನೀವೇ ಇನ್ಸ್‌ಪೆಕ್ಟರು. ಆ ಕಾಗದ ನಿಮ್ಮ ಚೀಲದಲ್ಲೇ ಇರುತ್ತದೆಂದು ಬಲ್ಲೆ, ಹೊರಗೆ ತೆಗೆಯಿರಿ. ಮೊದಲ ಸಹಿ ನನ್ನದು.

ಇನ್ನು ಕಲ್ಲು. ಭಾವ, ಫ್ಯಾನು ನೋಡಿದ್ದು ಸಾಕು, ಇಲ್ಲಿ ನೋಡಿ. ಕಲ್ಲನ್ನು ನಿಮ್ಮ ಕಡೆಯವರೇ ಇಳಿಸಲಿ. ಗೋಡೆ ಕಡಿದಾದ ಮೇಲೆ ನೀವೇ ನೆಡಿಸಿ. ನೀವು ಎಲ್ಲಿ ನೆಡಿಸುತ್ತೀರೋ ಅದೇ ಗಡಿ. ನಾನು ಅಳೆಯಲು ಬರುವುದಿಲ್ಲ, ಸರ್ವೆಯರನ್ನೂ ಕಳಿಸುವುದಿಲ್ಲ. ಇಷ್ಟು ಜನರ ಮುಂದೆ, ಮೈಕಿನಲ್ಲಿ ಹೇಳುತ್ತಿದ್ದೇನೆ. ನನ್ನ ವಕೀಲರು ಎದ್ದು ಹೊರಗೆ ಹೋಗುತ್ತಿದ್ದಾರೆ, ಹೋಗಲಿ, ದಾರಿ ಬಿಡಿ.

ಭಾವನೂ ಎದ್ದಿದ್ದಾರೆ. ಅಕ್ಕಾ, ಅವರ ತೋಳು ಬಿಡು. ಅವರು ಹೊರಟಿರುವುದು ಬಾಗಿಲ ಕಡೆಗಲ್ಲ, ಈ ಕಡೆಗೆ.

ಮೆಟ್ಟಿಲ ಹತ್ತಿರವಿರುವವರು ಸ್ವಲ್ಪ ಕೈ ಕೊಡಿ, ಅವರಿಗೂ ಮಂಡಿನೋವಿದೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಯಾರಾದರೂ ಒಂದು ಪೆನ್ನು ಕೊಟ್ಟರೆ ಮಾತು ಮುಗಿಸುತ್ತೇನೆ. ಎಲ್ಲರಿಗೂ ನಮಸ್ಕಾರ.