ಗುರಿ ಕಂಡ ಮೇಲೆ

ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಭದ್ರಾವತಿಯ ಉಜ್ಜನಪ್ಪನವರಿಗೆ, ಪಕ್ಕದ ಬೆಂಚಿನಿಂದ ಇಬ್ಬರು ಹೆಂಗಸರ ಮಾತು ಕನಸಿನೊಳಗಿಂದೆಂಬಂತೆ ತೇಲಿ ಬರುತ್ತಿತ್ತು.

“ಇಪ್ಪತ್ತು ವರ್ಷ ದೇಶ ದೇಶ ತಿರುಗಿ ಪಿಸ್ತೂಲ್ ಸ್ಪರ್ಧೆ ಗೆದ್ದೋಳು, ಈಗ ಗುರಿ ಮಬ್ಬಾಯ್ತೇನೇ ರಶ್ಮಿ?”

“ಗುರಿ ಯಾವತ್ತೂ ಮಬ್ಬೇ ಚಿಕ್ಕಮ್ಮ. ಹಂಗೇ ಕಾಣಬೇಕು.”

“ಕಾಣದೇ ಇರೋದಕ್ಕೆ ಹೆಂಗೆ ಹೊಡೀತಿದ್ದೆ ಮಾರಾಯ್ತಿ?”

“ಪಿಸ್ತೂಲಿನ ತುದೀಲಿ ಗುರಿ ಹಿಡಿಯೋಕೆ ಒಂದು ಪುಟ್ಟ ಕಡ್ಡಿ ಇರುತ್ತೆ, ಸ್ಪಷ್ಟವಾಗಿ ಕಾಣಬೇಕಾದ್ದು ಅದು. ಅದನ್ನೇ ನೋಡ್ತಾ ನಿಂತ್ರೆ ಉಸಿರು ನಿಧಾನ ಆಗುತ್ತೆ, ಜನ ಕರಗಿ ಹೋಗ್ತಾರೆ. ಯಾವ ದೇಶ ಅನ್ನೋದೂ ಮರ್ತುಹೋಗುತ್ತೆ. ದೂರದ ಕಪ್ಪು ಚುಕ್ಕಿ ನೀರಿಗೆ ಬಿದ್ದ ಶಾಯಿ ಥರ ತೇಲ್ತಿರುತ್ತೆ.”

“ಈಗೇನಾಯ್ತು ಮತ್ತೆ?”

“ಎಷ್ಟು ಲೆನ್ಸ್ ಬದಲಾಯಿಸಿದ್ರೂ ಕಡ್ಡಿ ಮಬ್ಬು. ಚುಕ್ಕಿ ಮಾತ್ರ ಚೆನ್ನಾಗಿ ಕಾಣುತ್ತೆ.”

“ಗುರಿ ಕಂಡ್ರೆ ಒಳ್ಳೇದಲ್ವೇನೇ?”

“ಗುರಿ ಕಾಣೋಕೆ ಶುರುವಾದ್ರೆ ಆಟ ಮುಗೀತು ಅಂತ ಚಿಕ್ಕಮ್ಮ.”

ನರ್ಸ್ ರಶ್ಮಿಯ ಹೆಸರು ಕೂಗಿದಳು. ಬಳೆ ಸದ್ದು, ಚಪ್ಪಲಿ ಸದ್ದು ದೂರವಾದವು.

ಉಜ್ಜನಪ್ಪ ಕಣ್ಣು ಬಿಟ್ಟು, ಕೈ ನೀಟಾಗಿ ಚಾಚಿ ಪಿಸ್ತೂಲಿನ ಕಡ್ಡಿಯಂತೆ ಹೆಬ್ಬೆರಳು ಎತ್ತಿದರು. ಬೆರಳು ಮಬ್ಬಾಗಿತ್ತು. ಅದರಾಚೆ, ಡಾಕ್ಟರ ಬಾಗಿಲು ದಾಟುತ್ತಿದ್ದ ರಶ್ಮಿಯ ಬೆನ್ನು ನಿಚ್ಚಳವಾಗಿ ಕಾಣುತ್ತಿತ್ತು.