ಬಾಯ್ತುಂಬ ನೀರು

ಬಾಗಿಲು ಬಿಡಿ ಫಾದರ್! ಬಿಡಿ ಅಂದೆ! ಒಳಗೆ ಕೂಡಿಹಾಕಿರೋದು ನನ್ನ ತಮ್ಮನ್ನ ಕೊಂದವನನ್ನ. ಎರಡು ಹಲ್ಲು ಉದುರಿಸಿದ್ದೀನಿ, ಇನ್ನೂ ಮೂವತ್ತಿವೆ... ಪೊಲೀಸ್ರು ಬರೋದ್ರೊಳಗೆ ಮುಗಿಸ್ತೀನಿ. ಏನ್ ಹಾಗೆ ನೋಡ್ತೀರಿ? ಈ ರಕ್ತ ಅವನದ್ದು. ಇದು... ಇದು ತಮ್ಮನದ್ದು. ಗರಗಸದಿಂದ ಅವನನ್ನ ಬಿಡಿಸಿ ಎತ್ಕೊಂಡವನು ನಾನೇ.

ನಾನು ಬೈದ್ನಾ? ಒಳಗಿರೋನನ್ನೇ ಕೇಳಿ! ಒಂದು ಕೆಟ್ಟ ಮಾತು ಆಡಿಲ್ಲ. ಹೊಡೆದೆ, ಅಷ್ಟೆ. ನಾಲ್ಕು ತಿಂಗಳಾಯ್ತು ಈ ಬಾಯಿಂದ ಹೊಲಸು ಮಾತು ಬಂದು... ಯಾಕೆ ನಗ್ತೀರಿ? ನಗ್ತಿಲ್ವಾ? ಸರಿ.

ನೀವೇ ಕಲಿಸಿದ್ದಲ್ವಾ? ಈ ಮರದ ಮಿಲ್ಲಿನ ಆಳುಗಳೆಲ್ಲ ನನ್ನನ್ನ ಬಾಯಿಹರುಕ ಸಾಹುಕಾರ ಅಂತಿದ್ರು. ಹೆಂಡ್ತಿಗೆ ಆಡಬಾರದ್ದೆಲ್ಲ ಆಡಿದ್ದಕ್ಕೆ ಅವಳು ಮಗಳನ್ನ ಕರ್ಕೊಂಡು ತವರಿಗೆ ಹೋದ್ಲು. ನಾನು ನಿಮ್ಮ ಹತ್ರ ಬಂದು ಅತ್ತೆ. ನೀವು ಅಂದ್ರಿ, ದೇವರು ನಾಲಿಗೆ ಕೊಟ್ಟಿದ್ದು ಜನರನ್ನ ಎತ್ತೋಕೆ, ಕೆಡವೋಕಲ್ಲ. ಸಿಟ್ಟು ಬಂದಾಗ ಬಾಯ್ತುಂಬ ನೀರು ತಗೋ, ಸಿಟ್ಟು ಇಳಿಯೋವರೆಗೂ ಉಗುಳಬೇಡ, ನುಂಗಬೇಡ. ಚಾಚೂ ತಪ್ಪದೆ ಮಾಡ್ದೆ!

ಇವತ್ತೂ ಅಷ್ಟೇ. ಊಟ ಮುಗಿಸಿ ಬಂದ್ವಿ. ಆಳುಗಳ ಮುಂದೆ ತಮ್ಮ ಹಂಗಿಸಿದ, "ಹೆಂಡ್ತಿನೇ ಉಳಿಸ್ಕೊಳ್ಳೋಕೆ ಆಗದವನು ಮಿಲ್ಲೇನು ನಡೆಸ್ತಾನೆ?" ಎಲ್ಲರೂ ನಕ್ರು. ಮೈಯೆಲ್ಲ ಉರಿದುಹೋಯ್ತು. ಹೂಜಿ ಎತ್ತಿ ಬಾಯ್ತುಂಬ ನೀರು ತಗೊಂಡು ಗೋಡೆ ಕಡೆ ತಿರುಗಿ ನಿಂತೆ. ನಾನೇನೂ ನೋಡಿಲ್ಲ! ತಮ್ಮ ಗರಗಸದ ಕೆಳಗಿನ ಹೊಟ್ಟು ತೆಗೆಯೋಕೆ ಬಗ್ಗಿದ್ದಾನೆ, ಈ ದರಿದ್ರ... ಈ ಒಳಗಿರೋ ಮನುಷ್ಯ ದಿಮ್ಮಿ ರಾಶಿ ಆಚೆಯಿಂದ ಬಂದು ಸ್ವಿಚ್ಚಿಗೆ ಕೈ ಹಾಕಿದ್ದಾನೆ, ಇವನಿಗೆ ಅವನು ಕಾಣಲ್ಲ, ಅವನಿಗೆ ಇವನು ಕಾಣಲ್ಲ...

ಏನು?... ಅದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ?

ಗೋಡೆ ಕಡೆ ತಿರುಗಿದ್ದೆ ಅಂದ್ನಲ್ಲ! ಯಾರೋ ಆಮೇಲೆ ಹೇಳಿದ್ರು. ಯಾರು ಅಂದ್ರೆ... ಯಾರು... ಫಾದರ್! ಕೆನ್ನೆಗೆ ಬಾರಿಸಿ, ಮುಖಕ್ಕೆ ಉಗೀರಿ, ಹೀಗೆ ನಿಂತ್ಕೋಬೇಡಿ!

"ತಡಿ" ಅಂದಿದ್ರೆ ಸಾಕಿತ್ತು. ನೀರು ಉಗುಳಿ ಕೂಗೋಕೆ ಎಷ್ಟು ಹೊತ್ತು ಬೇಕು? ಹೊತ್ತಿತ್ತು ಫಾದರ್. ಇತ್ತು. ಬೆರಳಿಗೆ ಒಂಚೂರು ತಾಗಲಿ, ಸೊಕ್ಕು ಇಳೀಲಿ ಅಂತ... ಬರೀ ಬೆರಳು ಅಂದ್ಕೊಂಡಿದ್ದೆ! ಬೆಲ್ಟು ತೋಳನ್ನ ಎಳ್ಕೊಳ್ತು, ಆಮೇಲೆ ಕತ್ತು... "ಅಣ್ಣಾ" ಅಂದ. ನನ್ನನ್ನೇ ನೋಡಿ "ಅಣ್ಣಾ" ಅಂದ. ಆಗಲೂ ನನ್ನ ಬಾಯಲ್ಲಿ ನೀರಿತ್ತು.

ತಗೊಳ್ಳಿ ಬೀಗದ ಕೈ. ಒಳಗಿರೋನನ್ನ ಬಿಟ್ಬಿಡಿ, ಅವನಿಗೇನೂ ಗೊತ್ತಿಲ್ಲ. ಅಗೋ, ತಮ್ಮನ ಹೆಂಡ್ತಿ ಗೇಟಿನ ಹತ್ರ ಬಂದ್ಲು... ನೀವು ಹೇಳಬೇಡಿ. ನಾನೇ ಹೇಳ್ತೀನಿ. ಆದ್ರೆ ಹೇಗೆ ಹೇಳ್ಲಿ? ಇದನ್ನ ಮೆತ್ತಗೆ ಹೇಳೋ ಮಾತು ಯಾವುದಾದ್ರೂ ಇದ್ರೆ, ಕಲಿಸಿ ಫಾದರ್.