ರುದ್ರಸ್ವಾಮಿಯವರು ಕೊಡದ ರಕ್ತ

ರುದ್ರಸ್ವಾಮಿಯವರ ಪತ್ನಿ ಚಂದ್ರಮತಿ ಅಮ್ಮನವರಿಗೆ, ಮಗಳು ಲಾಸ್ಯಳಿಗೆ, ದೇವರಾಜ ಮೊಹಲ್ಲಾದ ಈ ಸಭಾಂಗಣದಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ನಾನು ಬಸವರಾಜು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಕ್ತದಿಂದ ಹರಡುವ ಕಾಮಾಲೆಗೆ, ಅಂದರೆ ಹೆಪಟೈಟಿಸ್ ಬಿಗೆ, ಲಸಿಕೆಯ ಪ್ರಯೋಗ ನಡೆಯುತ್ತಿದೆಯಲ್ಲ, ಅದರ ರಕ್ತದ ಸೀಸೆಗಳನ್ನು ಮೊಪೆಡ್ಡಿನಲ್ಲಿ ಲ್ಯಾಬಿಗೆ ಸಾಗಿಸುವವನು.

ಇಲ್ಲಿಯವರೆಗೆ ಮಾತಾಡಿದವರೆಲ್ಲ ‘ವಿಧಿ’ ಎಂದಿರಿ. ನಮ್ಮ ಟೆಕ್ನೀಷಿಯನ್ ರುದ್ರಸ್ವಾಮಿಯವರು ಲಿಂಗೈಕ್ಯರಾದದ್ದು ವಿಧಿಯಿಂದಲ್ಲ — ಕ್ಷಮಿಸಿ ಅಮ್ಮ — ಹಟದಿಂದ.

ತೊಂಬತ್ತೆಂಟರಿಂದ ಅವರ ಜೊತೆ ಉದಯಗಿರಿ, ಹೂಟಗಳ್ಳಿ ಸುತ್ತಿದ್ದೇನೆ. ಲಸಿಕೆ ಪಡೆದವರ ಮನೆಗೆ ಮತ್ತೆ ಹೋಗಿ ರಕ್ತ ತೆಗೆಯುವುದು ಅವರ ಕೆಲಸ. ಒಂದು ದಿನ ಮೆಕ್ಯಾನಿಕ್ ಪುಟ್ಟಮಾದಯ್ಯನವರು ಸ್ಪ್ಯಾನರ್ ಹಿಡಿದೇ ಎದುರು ಬಂದರು.

“ಚುಚ್ಚಿದ್ದಾಯ್ತು, ಇನ್ನು ರಕ್ತ ಬೇರೆ ಬೇಕಾ? ತಿಗಣೆ ಅಂಗೆ ಬಂದ್ಬುಡ್ತೀರಲ್ಲ! ಮಂಗಳವಾರ ಯಾರಾದ್ರೂ ರಕ್ತ ಕೊಡ್ತಾರೇನ್ರೀ?”

ರುದ್ರಸ್ವಾಮಿಯವರು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟರು. “ಲಸಿಕೆ ಹಾಕಿಸ್ಕೊಂಡ್ರೆ ಆಗೋಯ್ತಾ? ಕೆಲವರ ಮೈಗೆ ಅದು ಹತ್ತೋದೇ ಇಲ್ಲ ಕಣ್ರೀ. ಹತ್ತಿದ್ಯೋ ಇಲ್ವೋ ರಕ್ತಾನೇ ಹೇಳ್ಬೇಕು. ಕಾಯಿಲೆ ಮಂಗಳವಾರ ರಜಾ ಹಾಕುತ್ತಾ?”

ಪುಟ್ಟಮಾದಯ್ಯನವರು ಬೈದುಕೊಂಡೇ ತೋಳು ಚಾಚಿದರು. ನೋಡಿದರೆ, ನಿಜವಾಗಿಯೂ ಹತ್ತಿರಲಿಲ್ಲ! ಮತ್ತೆ ಹಾಕಿಸಿದರು — ಹತ್ತಿತು. ಅಗೋ, ಹಿಂದಿನ ಸಾಲಿನಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದಾರೆ.

ಸರಿ. ರುದ್ರಸ್ವಾಮಿಯವರೂ ಲಸಿಕೆ ಹಾಕಿಸಿಕೊಂಡಿದ್ದರು. ಆಮೇಲೆ ತಮ್ಮ ರಕ್ತ ನೋಡಿಸಿದರೇ? ಇಲ್ಲ! ಕೇಳಿದೆ, ಕೇಳಿದೆ, ಬಾಯಿ ನೋಯುವಷ್ಟು ಕೇಳಿದೆ. ಸೋಮವಾರ ಕೇಳಿದರೆ “ಪುರುಸೊತ್ತಿಲ್ಲ ಕಣೋ.” ಮರುದಿನ ಕೇಳಿದರೆ — ನಗಬೇಡಿ — “ಮಂಗಳವಾರ ಕಣೋ, ಬುಡು ಅತ್ಲಾಗೆ!”

ಊರಿನವರ ತೋಳನ್ನೆಲ್ಲ ಹಿಡಿದ ಮನುಷ್ಯ ತನ್ನ ತೋಳನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ಈ ಬೇಸಿಗೆಯಲ್ಲಿ, ಬಳಸಿದ ಸೂಜಿಯೊಂದು ಅವರ ಬೆರಳಿಗೆ ಚುಚ್ಚಿತು. “ಲಸಿಕೆ ಆಗಿದೆಯಲ್ಲ” ಎಂದು ನಲ್ಲಿಯಲ್ಲಿ ಕೈ ತೊಳೆದುಕೊಂಡು ಮುಂದಿನ ಮನೆಗೆ ನಡೆದರು. ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದ ಮೇಲೆ ಗೊತ್ತಾಯಿತು — ಅವರ ಮೈಗೂ ಹತ್ತಿರಲಿಲ್ಲ.

ಈಗ ಹೇಳಿ, ಮುಂದಿನ ಸಾಲಿನ ನಮ್ಮ ಲ್ಯಾಬಿನವರೇ, ದಿನವೂ ಸೂಜಿ ಹಿಡಿಯುವವರೇ — ನಿಮ್ಮಲ್ಲಿ ಯಾರು ರಕ್ತ ನೋಡಿಸಿದ್ದೀರಿ? ಒಂದು ಕೈಯಾದರೂ ಮೇಲೆ ಬರಲಿ... ಶಾಮಣ್ಣ, ಫ್ಯಾನು ನೋಡಬೇಡಿ. ಹಾರ ತಂದಿದ್ದೀರಿ, ಸಂತೋಷ. ಅವರು ನಿಮ್ಮ ಹತ್ತಿರ ಯಾವತ್ತೂ ಹೂವು ಕೇಳಿದವರಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಅವರಿಗಾಗಿ ಮಾತು ಬಿಡೋಣ. ಲ್ಯಾಬಿನವರು ಮಾತ್ರ ನಿಂತಲ್ಲೇ ತೋಳಿನ ಬಟ್ಟೆ ಮಡಚಿಕೊಳ್ಳಿ; ಪಕ್ಕದ ಕೋಣೆಯಲ್ಲಿ ಪ್ರೇಮಲೀಲಾ ಸಿಸ್ಟರ್ ಹೊಸ ಸೂಜಿ ಇಟ್ಟುಕೊಂಡು ಕಾಯುತ್ತಿದ್ದಾರೆ.

ಇವತ್ತು ಮಂಗಳವಾರ. ಗೊತ್ತು. — ಏಳಿ.